ಜಾನ್ ವೆಸ್ಲಿಯವರಿಗೆ ರಕ್ಷಣೆಯ ನಿಶ್ಚಯ ಸಿಕ್ಕಿದ್ದು ಹೇಗೆ?



"ಈ ರಾತ್ರಿ ನೀನು ಸತ್ತರೆ ಪರಲೋಕಕ್ಕೆ ಹೋಗುತ್ತೀಯಾ?" ಈ ಪ್ರಶ್ನೆಯನ್ನು ಸುವಾರ್ತೆ ಕೂಟಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಹೋದ ತಿಂಗಳ ಯೌವನಸ್ಥರ ಕೂಟದಲ್ಲೂ ಅದು ಬಂತು. ಕೆಲವರು ಕೂಡಲೇ ಕೈ ಎತ್ತಿದರು, ಕೆಲವರು ತಲೆ ತಗ್ಗಿಸಿದರು. ಕೂಟ ಮುಗಿದ ಮೇಲೆ ಒಬ್ಬ ತಂಗಿ ಬಂದು ಕೇಳಿದಳು: "ಅಣ್ಣಾ, ನಾನು ಯೇಸುವನ್ನು ನಂಬಿದ್ದೇನೆ, ಪ್ರಾರ್ಥನೆ ಮಾಡುತ್ತೇನೆ. ಆದರೆ ಸಾಕ್ಷಿ ಹೇಳುವವರೆಲ್ಲ ಹೇಳುವ ಆ ಆನಂದ ನನಗೆ ಆಗಿಲ್ಲ. ಹಾಗಾದರೆ ನನಗೆ ರಕ್ಷಣೆ ಆಗಿಲ್ಲವಾ?"

ಆ ದಿನ ನಾನು ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನೆನಪಾದವರು ಜಾನ್ ವೆಸ್ಲಿ. ಇದೇ ಪ್ರಶ್ನೆ ಅವರನ್ನು ವರ್ಷಗಟ್ಟಲೆ ಕಾಡಿತ್ತು.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಸಭಾಪಾಲಕರ ಮನೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಓದಿ, 1728ರಲ್ಲಿ ಗುರುಪಟ್ಟ ಪಡೆದರು. ಅಲ್ಲಿ ತಮ್ಮ ಚಾರ್ಲ್ಸ್ ಮತ್ತು ಗೆಳೆಯರೊಂದಿಗೆ ಸೇರಿ ವೇದಪಾರಾಯಣ, ಉಪವಾಸ, ಸೆರೆಮನೆಯವರ ಭೇಟಿ, ಬಡವರಿಗೆ ಸಹಾಯ ಇವೆಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದರು. ಆ ಕಟ್ಟುನಿಟ್ಟನ್ನು ನೋಡಿ ಜನ ಗೇಲಿಯಿಂದ ಇಟ್ಟ ಹೆಸರೇ "ಮೆಥೋಡಿಸ್ಟ್". ಇಷ್ಟೆಲ್ಲ ಮಾಡಿದರೂ ಅವರ ಮನಸ್ಸಿಗೆ ಸಮಾಧಾನ ಇರಲಿಲ್ಲ.

1735ರಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹಡಗು ಹತ್ತಿದರು. ಅದೇ ಹಡಗಿನಲ್ಲಿ 26 ಮಂದಿ ಜರ್ಮನ್ ಮೊರೇವಿಯನ್ ವಿಶ್ವಾಸಿಗಳಿದ್ದರು. 1736ರ ಜನವರಿ 25ರಂದು ದೊಡ್ಡ ಬಿರುಗಾಳಿ ಎದ್ದಿತು. ಮೊರೇವಿಯನ್ನರು ಆರಾಧನೆಯಲ್ಲಿ ಕೀರ್ತನೆ ಹಾಡುತ್ತಿದ್ದಾಗಲೇ ದೊಡ್ಡ ಹಾಯಿ ಹರಿದುಹೋಯಿತು, ಸಮುದ್ರದ ನೀರು ಹಡಗಿನೊಳಗೆ ನುಗ್ಗಿತು. ಇಂಗ್ಲಿಷರು ಚೀರಿಕೊಂಡರು. ಮೊರೇವಿಯನ್ನರು ಹಾಡು ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬರನ್ನು ಕೇಳಿದರು: ನಿಮಗೆ ಹೆದರಿಕೆ ಆಗಲಿಲ್ಲವೇ? ಇಲ್ಲ ಎಂದರು. ನಿಮ್ಮ ಹೆಂಗಸರು, ಮಕ್ಕಳು ಹೆದರಲಿಲ್ಲವೇ? ಅವರಿಗೂ ಸಾವಿನ ಭಯವಿಲ್ಲ ಎಂದರು. ವೆಸ್ಲಿಯವರಿಗಾದರೋ ಆ ಭಯವಿತ್ತು.

ಜಾರ್ಜಿಯಾದಲ್ಲಿ ಇಳಿದ ಮೇಲೆ ಮೊರೇವಿಯನ್ ನಾಯಕ ಸ್ಪ್ಯಾಂಗನ್‌ಬರ್ಗ್ ಅವರನ್ನು ನೇರವಾಗಿ ಕೇಳಿದರು: ಯೇಸು ಕ್ರಿಸ್ತನನ್ನು ಬಲ್ಲಿರಾ? ಆತನು ಲೋಕರಕ್ಷಕನೆಂದು ಬಲ್ಲೆ ಎಂದರು ವೆಸ್ಲಿ. ಅದು ಸರಿ, ಆದರೆ ಆತನು ನಿಮ್ಮನ್ನು ರಕ್ಷಿಸಿದ್ದಾನೆಂದು ಬಲ್ಲಿರಾ? ನನ್ನನ್ನು ರಕ್ಷಿಸಲು ಸತ್ತನೆಂದು ನಿರೀಕ್ಷಿಸುತ್ತೇನೆ ಎಂದಷ್ಟೇ ಅವರಿಗೆ ಹೇಳಲು ಆಯಿತು. ನೀವು ನಿಮ್ಮನ್ನು ಬಲ್ಲಿರಾ ಎಂಬ ಕೊನೆಯ ಪ್ರಶ್ನೆಗೆ ಹೌದು ಎಂದರು. ಆದರೆ ಅದು ಬರೀ ಬಾಯಿಮಾತಾಗಿತ್ತೇನೋ ಎಂದು ತಮ್ಮ ದಿನಚರಿಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ.

ಜಾರ್ಜಿಯಾದ ಸೇವೆ ಸೋತಿತು. 1738ರ ಫೆಬ್ರವರಿಯಲ್ಲಿ ಅವರು ಮನಸ್ಸು ಮುರಿದು ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಯುವಕನ ಪರಿಚಯವಾಯಿತು. ನಂಬಿಕೆಯೇ ಇಲ್ಲದ ನಾನು ಬೋಧಿಸುವುದು ಹೇಗೆ, ನಿಲ್ಲಿಸಿಬಿಡಲೇ ಎಂದು ವೆಸ್ಲಿ ಕೇಳಿದಾಗ ಬೋಲರ್ ಬೇಡವೆಂದರು. ನಂಬಿಕೆ ಸಿಗುವ ತನಕ ನಂಬಿಕೆಯನ್ನು ಬೋಧಿಸಿರಿ, ಸಿಕ್ಕಿದ ಮೇಲೆ ಅದು ಇರುವುದರಿಂದಲೇ ಬೋಧಿಸುವಿರಿ ಎಂದರು. ವೆಸ್ಲಿ ಹಾಗೆಯೇ ಮಾಡಿದರು. ಮಾರ್ಚ್ 27ರಂದು ಆಕ್ಸ್‌ಫರ್ಡಿನ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾದ ಒಬ್ಬನ ಜೊತೆ ಪ್ರಾರ್ಥಿಸಿದರು. ಮೊಣಕಾಲೂರಿದ್ದ ಆ ಮನುಷ್ಯ ಎದ್ದು ನಿಂತು, ಕ್ರಿಸ್ತನು ನನ್ನ ಪಾಪಗಳನ್ನು ತೆಗೆದುಹಾಕಿದ್ದಾನೆ, ಈಗ ಸಾಯಲು ಸಿದ್ಧನಿದ್ದೇನೆ ಎಂದನು. ಬೋಧಿಸಿದ ಗುರುವಿಗಿಂತ ಮೊದಲೇ ಆ ಅಪರಾಧಿಗೆ ನಿಶ್ಚಯ ಸಿಕ್ಕಿತು! ಶಿಲುಬೆಯ ಮೇಲಿದ್ದ ಕಳ್ಳನ ನೆನಪಾಗುತ್ತದಲ್ಲವೇ? (ಲೂಕ 23:43)

ಅದೇ ವರ್ಷ ಮೇ 21ರಂದು ತಮ್ಮ ಚಾರ್ಲ್ಸ್‌ಗೆ ಸಮಾಧಾನ ದೊರೆಯಿತು. ಮೂರು ದಿನಗಳ ಮೇಲೆ, ಮೇ 24ರ ಸಂಜೆ, ಜಾನ್ ವೆಸ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ರಾತ್ರಿ ಎಂಟೂಮುಕ್ಕಾಲರ ಸುಮಾರಿಗೆ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು. ರಕ್ಷಣೆಗೆ ಕ್ರಿಸ್ತನೊಬ್ಬನನ್ನೇ ನಂಬಿದ್ದೇನೆ, ಆತನು ನನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆ ಎಂಬ ನಿಶ್ಚಯ ಉಂಟಾಯಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವುದು ಕಡಿಮೆ. ಆನಂದ ಎಲ್ಲಿ, ಇದು ನಂಬಿಕೆ ಹೇಗಾದೀತು ಎಂಬ ಶೋಧನೆ ಅದೇ ರಾತ್ರಿ ಬಂತು. ಏಳು ತಿಂಗಳ ಮೇಲೆ, 1739ರ ಜನವರಿಯಲ್ಲಿ, ನಾನು ಇನ್ನೂ ಕ್ರೈಸ್ತನಲ್ಲ ಎಂಬ ಮಾತು ಅವರ ದಿನಚರಿಯಲ್ಲಿದೆ. 1766ರಲ್ಲಿ, ಸಾವಿರಾರು ಜನರನ್ನು ಕರ್ತನ ಬಳಿಗೆ ನಡೆಸಿದ ಮೇಲೂ, ನನ್ನಲ್ಲಿ ದೇವರ ಪ್ರೀತಿಯೇ ಇಲ್ಲವೇನೋ ಎಂದು ತಮ್ಮನಿಗೆ ಪತ್ರ ಬರೆದರು. ಆದರೂ ಬೋಧನೆ ನಿಲ್ಲಿಸಲಿಲ್ಲ.

ಮೊದಮೊದಲು ಅವರು, ಪಾಪಕ್ಷಮೆ ಆಗಿದೆಯೆಂದು ಗೊತ್ತಿಲ್ಲದವನು ದೇವರ ಕೋಪದ ಕೆಳಗಿದ್ದಾನೆ ಎಂದು ಸಾರಿದ್ದರು. 1747ರ ಹೊತ್ತಿಗೆ ಆ ಮಾತನ್ನು ತಿದ್ದಿಕೊಂಡರು. ನಂಬಿಕೆ ಬೇರೆ, ನಂಬಿಕೆ ಇದೆಯೆಂಬ ಅನುಭವ ಬೇರೆ. ನಿಶ್ಚಯವು ದೇವರು ಮಕ್ಕಳಿಗೆ ಕೊಡುವ ದೊಡ್ಡ ವರ, ಆದರೆ ಅದಿನ್ನೂ ಸಿಗದವರು ತಳ್ಳಲ್ಪಟ್ಟವರಲ್ಲ ಎಂದು ತಿಳಿದರು. ಆಗ ಜನ ನಮಗೆ ಕಲ್ಲು ಹೊಡೆಯದೆ ಬಿಟ್ಟದ್ದೇ ಆಶ್ಚರ್ಯ ಎಂದು ಮುಪ್ಪಿನಲ್ಲಿ ಹೇಳಿದರಂತೆ. ಆದರೆ ರೋಮಾ 8:16ರ ಉಪದೇಶವನ್ನು ಮಾತ್ರ ಅವರು ಬಿಡಲಿಲ್ಲ. ನಾವು ದೇವರ ಮಕ್ಕಳೆಂದು ಪವಿತ್ರಾತ್ಮನೇ ಸಾಕ್ಷಿ ಕೊಡುತ್ತಾನೆ, ಆ ಸಾಕ್ಷಿಯ ಜೊತೆಗೆ ಪ್ರೀತಿ, ಸಮಾಧಾನ ಎಂಬ ಫಲವೂ ಇರಬೇಕು ಎಂದು ಕೊನೆಯವರೆಗೂ ಬೋಧಿಸಿದರು. 1791ರ ಮಾರ್ಚ್ 2ರಂದು, 87ನೆಯ ವಯಸ್ಸಿನಲ್ಲಿ ಕರ್ತನ ಬಳಿಗೆ ಹೋಗುವಾಗ, ಎಲ್ಲಕ್ಕಿಂತ ಮಿಗಿಲಾದದ್ದು ದೇವರು ನಮ್ಮ ಸಂಗಡ ಇರುವುದೇ ಎಂದು ಹೇಳುತ್ತಿದ್ದರು. ಬಿರುಗಾಳಿಯಲ್ಲಿ ನಡುಗಿದ್ದ ಮನುಷ್ಯ ಶಾಂತವಾಗಿ ಹೊರಟರು.

ಈ ಇತಿಹಾಸ ನಮಗೆ ದೂರದ್ದಲ್ಲ. ವೆಸ್ಲಿಯನ್ ಮಿಷನರಿಗಳು 1821ರಲ್ಲಿ ಬೆಂಗಳೂರಿನಲ್ಲಿ ಸೇವೆ ಆರಂಭಿಸಿ ಮೈಸೂರು ಸೀಮೆಯಲ್ಲೆಲ್ಲ ಸಭೆಗಳನ್ನು ಕಟ್ಟಿದರು. 1947ರಲ್ಲಿ ಆ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಬೀದರ್, ಜಹೀರಾಬಾದ್, ವಿಕಾರಾಬಾದ್ ಕಡೆಯ ಮೆಥೋಡಿಸ್ಟ್ ಸಭೆಗಳೂ ಇದೇ ಬಳ್ಳಿಯ ಕೊಂಬೆಗಳು.

ಈಗ ಆ ತಂಗಿಗೆ ನನ್ನ ಉತ್ತರ. ತಂಗೀ, ನಿನ್ನ ಎದೆಯಲ್ಲಿ ಎಷ್ಟು ಆನಂದವಿದೆ ಎಂದು ಅಳೆಯುತ್ತಾ ಕೂರಬೇಡ. ವೆಸ್ಲಿಯವರ ಎದೆಯೂ ಒಮ್ಮೆ ಬೆಚ್ಚಗಿತ್ತು, ಒಮ್ಮೆ ತಣ್ಣಗಿತ್ತು. ಕ್ರಿಸ್ತನು ನಿನಗಾಗಿ ಮಾಡಿದ್ದು ಮಾತ್ರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ದೇವಕುಮಾರನನ್ನು ನಂಬಿದವರಿಗೆ ನಿತ್ಯಜೀವ ಇದೆಯೆಂದು ಅವರಿಗೇ ತಿಳಿಯಲಿ ಎಂದು ಯೋಹಾನನು ಬರೆದನು (1 ಯೋಹಾನ 5:13). ಆ ವಾಕ್ಯದ ಮೇಲೆ ನಿಲ್ಲು. ಆರಾಧನೆ, ಪ್ರಾರ್ಥನೆ, ಸಹವಾಸ ಬಿಡಬೇಡ. ಪವಿತ್ರಾತ್ಮನು ತನ್ನ ಸಮಯದಲ್ಲಿ ಸಾಕ್ಷಿ ಕೊಡುವನು.

ಕೈ ಎತ್ತಿದ ನಾವು ಒಂದನ್ನು ನೆನಪಿಡೋಣ: ತಲೆ ತಗ್ಗಿಸಿದವರನ್ನು ತೀರ್ಪು ಮಾಡುವ ಕೆಲಸ ನಮ್ಮದಲ್ಲ. ಬೋಲರ್ ವೆಸ್ಲಿಯ ಪಕ್ಕದಲ್ಲಿ ನಿಂತಂತೆ ಅವರ ಪಕ್ಕದಲ್ಲಿ ನಿಲ್ಲೋಣ.

ಕರ್ತನು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.