ಕಾರ್ಲೊ ಖಾನನ ಆನೆ, ಬೀದರಿನ ಜೋಡೆತ್ತು: ಚುನಾವಣಾ ಚಿತ್ರದ ಎರಡು ಚರಿತ್ರೆಗಳು

1783ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಒಂದು ಅಚ್ಚುಚಿತ್ರ ಪ್ರಕಟವಾಯಿತು. ಜೇಮ್ಸ್ ಸೇಯರ್ಸ್ ರಚಿಸಿದ ಆ ಚಿತ್ರದಲ್ಲಿ ವಿಗ್ ನಾಯಕ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪೂರ್ವದೇಶದ ಸುಲ್ತಾನನ ಉಡುಪು ತೊಟ್ಟು, ಆನೆಯೇರಿ, ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಿದ್ದ ಲೆಡನ್‌ಹಾಲ್ ಬೀದಿಗೆ ಬರುತ್ತಿದ್ದಾನೆ. ಆನೆಗೆ ಫಾಕ್ಸನ ಜೊತೆ ಸರ್ಕಾರ ನಡೆಸುತ್ತಿದ್ದ ಲಾರ್ಡ್ ನಾರ್ತನ ಮುಖ. ಮುಂದೆ ಕಹಳೆ ಊದುತ್ತಿರುವವನು ಫಾಕ್ಸನ ಪಕ್ಷದ ಎಡ್ಮಂಡ್ ಬರ್ಕ್. ಸೇಯರ್ಸ್ ಫಾಕ್ಸನಿಗಿಟ್ಟ ಹೆಸರು ಕಾರ್ಲೊ ಖಾನ್.

ಕಂಪನಿಯ ಆಡಳಿತವನ್ನು ಆಯುಕ್ತರ ಕೈಗೆ ಒಪ್ಪಿಸುವ ಮಸೂದೆಯನ್ನು ಫಾಕ್ಸ್ ತಂದಿದ್ದ. ಅದು ಕೆಳಮನೆಯಲ್ಲಿ ಗೆದ್ದು ಮೇಲ್ಮನೆಯಲ್ಲಿ ಬಿತ್ತು. ದೊರೆ ಆ ಸರ್ಕಾರವನ್ನೇ ಕಿತ್ತುಹಾಕಿದ. 1784ರ ಚುನಾವಣೆಯಲ್ಲಿ ಫಾಕ್ಸನ ಬೆಂಬಲಿಗರು ದೊಡ್ಡ ಸಂಖ್ಯೆಯಲ್ಲಿ ಸೋತರು. ಸಂಸತ್ತಿನ ಭಾಷಣಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಹಾನಿ ಮಾಡಿದವೆಂದು ಫಾಕ್ಸ್ ಹೇಳಿದ್ದಾಗಿ ಸಮಕಾಲೀನರು ನೆನೆದಿದ್ದಾರೆ. ಆ ಚುನಾವಣೆಯ ಮುಖ್ಯ ಪ್ರಶ್ನೆಗಳಲ್ಲೊಂದು ಭಾರತವನ್ನು ಯಾರು ಆಳಬೇಕೆಂಬುದು. ಆಗ ನಿಜಾಮ್ ಅಲಿ ಖಾನನ ಆಳ್ವಿಕೆಯಲ್ಲಿದ್ದ ಬೀದರಿನ ರೈತನಿಗೆ ಲಂಡನ್ನಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಮತವಿರಲಿಲ್ಲ. ಚಿತ್ರದಲ್ಲಿ ಆನೆ ಇದೆ, ಪೇಟ ಇದೆ, ಆಳಿಸಿಕೊಳ್ಳುವ ಜನ ಇಲ್ಲ. 1791ರಲ್ಲಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ ಕಾರ್ನ್‌ವಾಲಿಸನನ್ನು ಜೇಮ್ಸ್ ಗಿಲ್‌ರೇ ಗೇಲಿ ಮಾಡಿದಾಗಲೂ ಕನ್ನಡ ನೆಲ ಬಂದದ್ದು ಬ್ರಿಟಿಷರ ಒಳಜಗಳದ ಹಿನ್ನೆಲೆಯಾಗಿಯೇ.

ಈ ಚಿತ್ರಗಳು ಅಲ್ಲಿ ಬೆಳೆಯಲು ಮೂರು ಆಸರೆಗಳಿದ್ದವು. ಚಿತ್ರಗಾರನಿಗೆ ತನ್ನ ಅಚ್ಚಿನ ಮೇಲೆ ಹಕ್ಕು ಕೊಟ್ಟ 1735ರ ಕಾನೂನು ಒಂದು. ಚಿತ್ರಗಳನ್ನು ಗಾಜಿನ ಕಿಟಕಿಯಲ್ಲಿ ತೂಗುಹಾಕಿ ಬೀದಿಯವರಿಗೆಲ್ಲ ತೋರಿಸುತ್ತಿದ್ದ ಅಂಗಡಿಗಳು ಇನ್ನೊಂದು. ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬಹಿರಂಗ ಮತದಾನ. 1872ರವರೆಗೂ ಇಂಗ್ಲೆಂಡಿನ ಮತದಾರ ಎಲ್ಲರೆದುರು ನಿಂತು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಲಂಚ, ಬೆದರಿಕೆ, ಮುಲಾಜು ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು. ಕಂಡದ್ದನ್ನು ಬರೆಯುವುದು ಸುಲಭವಾಗಿತ್ತು.

1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯ ಪ್ರೇರಣೆಯಿಂದ ವಿಲಿಯಂ ಹೊಗಾರ್ತ್ ನಾಲ್ಕು ಚಿತ್ರಗಳ ಮಾಲಿಕೆ ರಚಿಸಿದ. ಅದರ ಮೂರನೆಯ ಚಿತ್ರದಲ್ಲಿ ಯುದ್ಧದಲ್ಲಿ ಕೈ ಕಳೆದುಕೊಂಡ ಮುದುಕನೊಬ್ಬ ಮತ ಹಾಕಲು ಬಂದಿದ್ದಾನೆ. ಪ್ರಮಾಣ ಮಾಡಲು ಬೈಬಲ್ ಮೇಲೆ ಅಂಗೈ ಇಡಬೇಕು. ಅವನು ಇಟ್ಟಿರುವುದು ಕಬ್ಬಿಣದ ಕೊಕ್ಕೆ. ಆ ಪ್ರಮಾಣ ಊರ್ಜಿತವೋ ಅಲ್ಲವೋ ಎಂದು ವಕೀಲರು ವಾದಕ್ಕಿಳಿದಿದ್ದಾರೆ. ಅವನ ಹಿಂದೆ ಸಾಯುವ ಸ್ಥಿತಿಯಲ್ಲಿರುವ ಮತದಾರನೊಬ್ಬನನ್ನು ಹೊತ್ತು ತರುತ್ತಿದ್ದಾರೆ. ಹೊಗಾರ್ತನ ಸಿಟ್ಟು ಒಂದು ಪಕ್ಷದ ಮೇಲಲ್ಲ, ಮತವನ್ನು ಸರಕಾಗಿಸಿದ ಇಡೀ ಏರ್ಪಾಟಿನ ಮೇಲೆ. ಅದಕ್ಕೇ ಅವನನ್ನು ಸೇಯರ್ಸನಿಗಿಂತ ಎತ್ತರದಲ್ಲಿ ಇಡಬೇಕು. ಸೇಯರ್ಸ್ ಫಾಕ್ಸನ ಎದುರಾಳಿ ವಿಲಿಯಂ ಪಿಟ್‌ನ ಪಕ್ಷದವನಾಗಿದ್ದ, ಆಮೇಲೆ ಸರ್ಕಾರಿ ಹುದ್ದೆಯನ್ನೂ ಪಡೆದ.

ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಈ ಆಸರೆಗಳಲ್ಲಿ ಒಂದೂ ಇರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1929ರ 53ನೇ ಗಸ್ತಿ ಆದೇಶದ ಪ್ರಕಾರ ಸಾರ್ವಜನಿಕ ಸಭೆ ಸೇರಲಿಕ್ಕೂ ಅನುಮತಿ ಬೇಕಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದವರೆಲ್ಲ ಬಲ್ಲರು. ಅಕ್ಷರ ಕಲಿಸಲಿಕ್ಕೇ ಅಷ್ಟು ಉಪಾಯ ಬೇಕಿದ್ದ ಕಡೆ ಆಳುವವರನ್ನು ಗೇಲಿ ಮಾಡುವ ಚಿತ್ರ ಅಚ್ಚಾಗುವುದು ದೂರದ ಮಾತು. ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ 1942ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಆದರೆ ಬೀದರ್ ಆಗ ಬೇರೆ ಸಂಸ್ಥಾನದಲ್ಲಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1952ರ ಮೊದಲ ಮಹಾಚುನಾವಣೆಯಲ್ಲಿ ಈ ಸೀಮೆಯ ಎಲ್ಲ ವಯಸ್ಕರಿಗೂ ಮತ ಬಂತು. ಲೋಕಸಭೆಗೆ ಕಾಂಗ್ರೆಸ್ಸಿನ ಶೌಕತುಲ್ಲಾ ಶಾ ಅನ್ಸಾರಿ ಗೆದ್ದರು. ಆ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಮತದಾರ ಮರೆಯೊಳಗೆ ಹೋಗಿ ತನಗೆ ಬೇಕಾದ ಚಿತ್ರದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದ. ಕನ್ನಡ, ಮರಾಠಿ, ಉರ್ದು, ತೆಲುಗು ಕೂಡಿ ಬಾಳುವ, ಓದುಬಲ್ಲವರು ವಿರಳವಾಗಿದ್ದ ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿಯುತ್ತಿದ್ದದ್ದು ಚಿತ್ರವೊಂದೇ. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ದೇವಣಿ ತಳಿಯ ದನ ಸಾಕುವ ಭಾಲ್ಕಿ, ಔರಾದಿನ ಒಕ್ಕಲಿಗನಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ.

ಇಂಗ್ಲೆಂಡಿನಲ್ಲಿ ಚುನಾವಣೆಯ ಚಿತ್ರವನ್ನು ಬೆಳೆಸಿದವನು ಗೇಲಿಗಾರ. ಬೀದರಿನ ಬಡ ಮತದಾರನ ಕಣ್ಣಿಗೆ ಅದನ್ನು ಮೊದಲು ತಂದದ್ದು ಚುನಾವಣಾ ಆಯೋಗ. ಗೇಲಿ ಆಮೇಲೆ ಚಿಹ್ನೆಯನ್ನೇ ಹಿಡಿದು ಬೆಳೆಯಿತು. 1969ರಲ್ಲಿ ಕಾಂಗ್ರೆಸ್ ಒಡೆಯಿತು, 1971ಕ್ಕೆ ಜೋಡೆತ್ತಿನ ಜಾಗಕ್ಕೆ ಆಕಳು-ಕರು ಬಂತು. ತುರ್ತುಪರಿಸ್ಥಿತಿಯ ಹೊತ್ತಿಗೆ ಜನ ಅದನ್ನು ಇಂದಿರಾ ಮತ್ತು ಸಂಜಯ್ ಎಂದೇ ಓದಿದರು. 1978ರಲ್ಲಿ ಹಸ್ತ ಬಂತು. ಪಕ್ಷವೇ ಆರಿಸಿಕೊಂಡ ಚಿತ್ರವನ್ನು ಅದರ ವಿರುದ್ಧವೇ ತಿರುಗಿಸುವ ಈ ಜಾಣ್ಮೆ ಸೇಯರ್ಸನ ಆನೆಗೆ ಯಾವುದರಲ್ಲೂ ಕಡಿಮೆಯಲ್ಲ.

ಬ್ರಿಟಿಷ್ ಮ್ಯೂಸಿಯಂ ತನ್ನ ವ್ಯಂಗ್ಯಚಿತ್ರಗಳ ಸೂಚಿಯನ್ನು 1870ರಿಂದ 1954ರವರೆಗೆ ಸಂಪುಟ ಸಂಪುಟವಾಗಿ ಹೊರತಂದಿತು. ಅದರಿಂದಾಗಿ 1784ರ ಚುನಾವಣೆಯ ಒಂದೊಂದು ಚಿತ್ರವನ್ನೂ ಇಂದು ತೆಗೆದು ನೋಡಬಹುದು. ನಮ್ಮ ಸೀಮೆಯ ಕರಪತ್ರ, ಭಿತ್ತಿಪತ್ರ, ಬಿಲ್ಲೆಗಳು ಹಳೆಯ ಟ್ರಂಕುಗಳಲ್ಲಿ, ಮುದ್ರಣಾಲಯಗಳ ಮೂಲೆಗಳಲ್ಲಿ ಉಳಿದಿದ್ದರೆ ಉಂಟು. 1956ರಲ್ಲಿ ಬೀದರ್ ಜಿಲ್ಲೆ ಹಂಚಿಹೋಗಿ ಉದಗಿರ, ನಿಲಂಗಾ ಆಚೆ ಸೇರಿದ್ದರಿಂದ ಹುಡುಕಾಟ ಗಡಿಯಾಚೆಗೂ ಸಾಗಬೇಕು. ಮನೆಯಲ್ಲಿ ಅಂಥ ಹಾಳೆ ಸಿಕ್ಕವರು ರದ್ದಿಗೆ ಹಾಕಬೇಡಿ. ಇಸವಿ, ಊರು, ಯಾರ ಪರವೆಂಬುದನ್ನು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಹತ್ತಿರದ ಕಾಲೇಜು ಗ್ರಂಥಾಲಯಕ್ಕೆ ಕೊಡಿ.