ಗುರಿಯ ಗುಂಡು, ಬೇಟೆಯ ಗುಂಡು

ಬಂದೂಕಿನ ಗುಂಡುಗಳೆಲ್ಲ ಒಂದೇ ಬಗೆಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯಾವ ಗುಂಡನ್ನು ಯಾರ ಮೇಲೆ ಪ್ರಯೋಗಿಸುವುದು ನ್ಯಾಯವೆಂಬ ಪ್ರಶ್ನೆ ಶತಮಾನಕ್ಕೂ ಮಿಕ್ಕಿ ಸೇನಾನಿಗಳನ್ನೂ ನ್ಯಾಯವೇತ್ತರನ್ನೂ ಬೇಟೆಗಾರರನ್ನೂ ಕಾಡಿದೆ. ಆ ಚರ್ಚೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಕಲ್ಕತ್ತೆಯ ನೆರೆಯ ಡಂಡಂ ಎಂಬ ಊರಿನಲ್ಲಿ.

ಹಿಂದಿನ ಸೈನಿಕರ ಗುಂಡು ದಪ್ಪನೆಯ ಮೆದು ಸೀಸದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಗುಂಡಿನ ವೇಗ ಬಹಳವಾಗಿ ಹೆಚ್ಚಿತು. ಆ ವೇಗದಲ್ಲಿ ಬರಿಯ ಸೀಸವು ನಳಿಗೆಯೊಳಗಿನ ಸುರುಳಿಗೆರೆಗಳ ಹಿಡಿತಕ್ಕೆ ನಿಲ್ಲದೆ ಕಿತ್ತುಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲಿಯೇ ರೂಪಿಸಿದ್ದ ತಾಮ್ರದ ಕವಚ ಇದಕ್ಕೆ ಪರಿಹಾರವಾಯಿತು. ಕವಚ ತೊಟ್ಟ ಸಪುರವಾದ ಗುಂಡು ದೂರಕ್ಕೆ ನೇರವಾಗಿ ಹೋಗುತ್ತಿತ್ತು. ಆದರೆ ದೇಹವನ್ನು ಎಷ್ಟೋ ವೇಳೆ ಸೂಜಿಯಂತೆ ತೂರಿ ಆಚೆಗೆ ಹೊರಟುಬಿಡುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಗುಂಡು ತಗುಲಿದವರೂ ಮುಂದೊತ್ತಿ ಬರುತ್ತಾರೆಂದು ಬ್ರಿಟಿಷ್ ಸೇನೆ ದೂರಿತು. ಡಂಡಂ ಶಸ್ತ್ರಾಗಾರದ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ತುದಿಯಲ್ಲಿ ಕವಚವನ್ನು ಬಿಡಿಸಿ ಸೀಸವನ್ನು ಹೊರಗಾಣುವಂತೆ ಮಾಡಿದನು. ದೇಹವನ್ನು ಹೊಕ್ಕೊಡನೆ ಅದು ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡುತ್ತಿತ್ತು. ಬೇಟೆಗಾರರಿಗೆ ಈ ತಂತ್ರ ಹೊಸದಾಗಿರಲಿಲ್ಲ. ಅವರ ಎಕ್ಸ್‌ಪ್ರೆಸ್ ರೈಫಲುಗಳ ಟೊಳ್ಳುಮೂತಿಯ ಗುಂಡುಗಳು ಹಿಂದಿನಿಂದಲೂ ಹೀಗೆಯೇ ಅರಳುತ್ತಿದ್ದವು.

ಯುರೋಪಿನಲ್ಲಿ ಇದಕ್ಕೆ ಪ್ರಬಲವಾದ ವಿರೋಧ ಬಂದಿತು. 1899ರ ಜುಲೈ 29ರಂದು ಹೇಗ್ ನಗರದ ಸಮ್ಮೇಳನವು ಮನುಷ್ಯದೇಹದಲ್ಲಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಮೊದಲು ವಿರೋಧಿಸಿದ ಬ್ರಿಟನ್ 1907ರಲ್ಲಿ ಅದಕ್ಕೆ ಒಪ್ಪಿತು. ಅದೇ ಬ್ರಿಟನ್ನಿನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1991ರ ಜಿಂಕೆ ಕಾಯಿದೆಯು, ರೈಫಲಿನಿಂದ ಜಿಂಕೆಯನ್ನು ಹೊಡೆಯುವುದಾದರೆ ಮೆದುಮೂತಿಯ ಅಥವಾ ಟೊಳ್ಳುಮೂತಿಯ ಗುಂಡನ್ನೇ ಬಳಸಬೇಕೆಂದು ವಿಧಿಸುತ್ತದೆ. ಮನುಷ್ಯನಿಗೆ ನಿಷಿದ್ಧವಾದದ್ದು ಜಿಂಕೆಗೆ ಕಡ್ಡಾಯ!

ಇದು ಮೇಲುನೋಟಕ್ಕೆ ವಿರೋಧಾಭಾಸವೆನಿಸಿದರೂ ಎರಡರ ಹಿಂದೆಯೂ ಇರುವುದು ಒಂದೇ ಕಾಳಜಿ. ಯುದ್ಧದಲ್ಲಿ ಶತ್ರುವನ್ನು ಕಾಳಗದಿಂದ ಹೊರಗಿಟ್ಟರೆ ಸಾಕು, ಗಾಯಗೊಂಡವನಿಗೆ ವೈದ್ಯರಿದ್ದಾರೆ. ಗಾಯಗೊಂಡ ಜಿಂಕೆಗೆ ಆಸ್ಪತ್ರೆಯಿಲ್ಲ. ಸಣ್ಣ ರಂಧ್ರ ಹೊತ್ತು ಪೊದೆಗೆ ಓಡಿ ಗಂಟೆಗಟ್ಟಲೆ ನರಳುವುದಕ್ಕಿಂತ ತತ್‌ಕ್ಷಣದ ಮರಣವೇ ಅದರ ಪಾಲಿಗೆ ಕಡಿಮೆ ಕ್ರೂರವಾದದ್ದು.

ಗುರಿಪಂದ್ಯದ ಗುಂಡಿನ ವಿಷಯದಲ್ಲಿ ಬೇಟೆಗಾರ ಮೋಸಹೋಗುವುದು ಇಲ್ಲಿಯೇ. ಅಂಥ ಗುಂಡಿನ ತುದಿಯಲ್ಲಿಯೂ ಒಂದು ಕಿರುರಂಧ್ರವಿರುತ್ತದೆ. ಆದರೆ ಅದು ಅರಳಲೆಂದು ಮಾಡಿದ್ದಲ್ಲ. ಬುಡ ಲೋಪವಿಲ್ಲದೆ ಸಮವಾಗಿರಲೆಂದು ಕವಚವನ್ನು ತುದಿಯ ಕಡೆಯಿಂದ ಮುಚ್ಚುವಾಗ ಉಳಿದುಹೋಗುವ ಕಿಂಡಿ. 1985ರಲ್ಲಿ ಅಮೆರಿಕದ ಸೇನೆಯ ಕಾನೂನು ತಜ್ಞರು ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಹುದೆಂದು ಅಭಿಪ್ರಾಯವಿತ್ತದ್ದು ಈ ಕಾರಣದಿಂದಲೇ. ಗುರಿಹಲಗೆಯ ಮೇಲೆ ಅದ್ಭುತವಾದ ನಿಖರತೆ ತೋರುವ ಈ ಗುಂಡು ಪ್ರಾಣಿಯ ದೇಹದಲ್ಲಿ ಒಮ್ಮೆ ಅರಳದೆ ತೂರಿಹೋಗುತ್ತದೆ, ಒಮ್ಮೆ ಮೇಲ್ಪದರದಲ್ಲಿಯೇ ಚೂರಾಗುತ್ತದೆ. ಅದರ ವರ್ತನೆಗೆ ಭರವಸೆಯಿಲ್ಲ.

ಬೇಟೆಯ ಗುಂಡು ಎಂಬ ಹೆಸರಿದ್ದ ಮಾತ್ರಕ್ಕೆ ಸಾಲದೆಂಬುದಕ್ಕೂ ನಿದರ್ಶನವಿದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಜಾನ್ ನೋಸ್ಲರ್ ಮೂಸ್ ಎಂಬ ಭಾರಿ ಜಿಂಕೆಗೆ ಹೊಡೆದ ಗುಂಡುಗಳು ಒಳಹೊಗದೆ ವಿಫಲವಾದವು. ಇದರಿಂದ ಪಾಠ ಕಲಿತ ಅವನು ನಡುವೆ ಲೋಹದ ಗೋಡೆಯುಳ್ಳ ಗುಂಡನ್ನು ನಿರ್ಮಿಸಿದನು: ಮುಂಭಾಗ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಉಳಿದು ಆಳಕ್ಕಿಳಿಯುತ್ತದೆ. ಇದಕ್ಕೆ ಅಪವಾದವೂ ಉಂಟು. ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಕರಮೋಜೊ ಬೆಲ್ ಸಪುರವಾದ ಪೂರ್ಣಕವಚದ ಗುಂಡುಗಳನ್ನೇ ನೆಚ್ಚಿದ್ದನು. ಆನೆಯ ತಲೆಬುರುಡೆಯನ್ನು ಭೇದಿಸಿ ಮಿದುಳನ್ನು ಮುಟ್ಟಲು ಅರಳದ ಗುಂಡೇ ಬೇಕಾಗಿತ್ತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ತೆರೆಯೆಳೆದವು. ಅದು ಇನ್ನೂ ಉಳಿದಿರುವ ದೇಶಗಳಲ್ಲಿ ಬಂದೂಕು ಹಿಡಿದವನು ತನ್ನ ಗುರಿಯ ನಿಖರತೆಯ ಬಗ್ಗೆ ಹೆಮ್ಮೆ ಪಡಬಹುದು. ಆದರೆ ಗುರಿಹಲಗೆಗೆ ನೋವಿಲ್ಲ, ಜಿಂಕೆಗೆ ಇದೆ. ಗುಂಡು ಎಲ್ಲಿ ತಗುಲೀತೆಂಬುದರ ಜೊತೆಗೆ, ತಗುಲಿದ ಮೇಲೆ ಏನು ಮಾಡೀತೆಂಬುದಕ್ಕೂ ಅವನೇ ಹೊಣೆ.