ವಿನ್ಯಾಸಮಾಲೆ (ಬಟ್ಟೆ ಮತ್ತು ಗೋಡೆಕಾಗದ)

ಬಟ್ಟೆಯ ಮೇಲೆ ಅಥವಾ ಗೋಡೆಗೆ ಅಂಟಿಸುವ ಕಾಗದದ ಮೇಲೆ ಅಚ್ಚು ಹಾಕಲು ಒಟ್ಟಾಗಿ ರೂಪಿಸಿದ, ಒಂದರ ಪಕ್ಕ ಒಂದನ್ನಿಟ್ಟರೆ ಹೊಂದಿಕೊಳ್ಳುವ ವಿನ್ಯಾಸಗಳ ಗುಂಪು. ಕಸುಬಿನವರು ಇದನ್ನು ‘ಕಲೆಕ್ಷನ್’ ಎನ್ನುತ್ತಾರೆ. ಪರದೆಗೆ ಒಂದು, ಸೋಫಾಕ್ಕೆ ಒಂದು, ದಿಂಬಿಗೆ ಒಂದು, ಗೋಡೆಗೆ ಇನ್ನೊಂದು ಆರಿಸಿಕೊಂಡರೂ ಕೋಣೆ ಸಂತೆಯಂತೆ ಕಾಣಬಾರದು ಎಂಬುದು ಇದರ ಹಿಂದಿನ ಲೆಕ್ಕ.

ಒಂದೇ ಹೂವನ್ನು ಎಲ್ಲದರಲ್ಲೂ ಬರೆದ ಮಾತ್ರಕ್ಕೆ ಮಾಲೆಯಾಗುವುದಿಲ್ಲ. ಮಾಲೆಯನ್ನು ಹಿಡಿದಿಡುವುದು ಹೋಲಿಕೆಗಿಂತ ಹೆಚ್ಚಾಗಿ ದೊಡ್ಡದು, ಚಿಕ್ಕದು ಎಂಬ ತಾರತಮ್ಯ. ಅತಿ ದೊಡ್ಡ ಆಕೃತಿಗಳೂ ಅತಿ ಹೆಚ್ಚು ಬಣ್ಣಗಳೂ ಇರುವುದು ‘ಹೀರೋ ಪ್ರಿಂಟ್’. ಅದರಿಂದಲೇ ಒಂದು ಎಲೆಯನ್ನೋ ಮೊಗ್ಗನ್ನೋ ಬಿಡಿಸಿಕೊಂಡು ಸಣ್ಣ ಅಳತೆಯಲ್ಲಿ ಕಟ್ಟಿದವು ಜೊತೆ ವಿನ್ಯಾಸಗಳು. ಇವಲ್ಲದೆ ಪಟ್ಟಿ, ಚುಕ್ಕಿ, ಚೌಕಳಿಯಂಥ ಮೌನಿಗಳೂ ಬೇಕು. ದೂರದಿಂದ ನೋಡಿದರೆ ಇವು ಬರೀ ಬಣ್ಣವಾಗಿ ಕಾಣುತ್ತವೆ, ಕಣ್ಣಿಗೆ ಬಿಡುವು ಕೊಡುತ್ತವೆ. ಸೀರೆ ಬಲ್ಲವರಿಗೆ ಇದು ಹೊಸದಲ್ಲ. ಇಳಕಲ್ ಸೀರೆಯ ಸೆರಗು ಎದ್ದು ಕಾಣುತ್ತದೆ, ಅಂಚು ಅದಕ್ಕೆ ಜೊತೆ ಕೊಡುತ್ತದೆ, ಒಡಲು ಹಿಂದೆ ಸರಿದು ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲೇ: ಪ್ರತಿ ವಿನ್ಯಾಸವನ್ನೂ ಅಷ್ಟೇ ಪ್ರೀತಿಯಿಂದ ಬರೆದು, ಕೊನೆಗೆ ಎಲ್ಲವೂ ಸೆರಗೇ ಆಗಿಬಿಡುತ್ತವೆ.

ಬಣ್ಣದ ಪಟ್ಟಿಯನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು ವಾಡಿಕೆ. ಎಲ್ಲ ಬಣ್ಣಗಳೂ ಎಲ್ಲ ಕಡೆ ಬರಬೇಕೆಂದಿಲ್ಲ. ಹೀರೋ ಪ್ರಿಂಟಿನ ಒಂದೆರಡು ಬಣ್ಣ ಪ್ರತಿಯೊಂದರಲ್ಲೂ ಇದ್ದರೆ ಸಾಕು. ಇದಕ್ಕೆ ಹಣದ ಕಾರಣವೂ ಇದೆ. ಸ್ಕ್ರೀನ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಿಸಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ‘ರಿಪೀಟ್’, ಅಂದರೆ ಮರುಕಳಿಕೆ. ಒಂದು ತುಂಡು ಚಿತ್ರ ಮೇಲೆ, ಕೆಳಗೆ, ಪಕ್ಕದಲ್ಲಿ ಮತ್ತೆ ಮತ್ತೆ ಬರುವಾಗ ಸೇರುವ ಗೆರೆ ಕಾಣಬಾರದು. ನೇರ ಮರುಕಳಿಕೆಯಲ್ಲಿ ತುಂಡುಗಳು ಸಾಲಾಗಿ ನಿಲ್ಲುತ್ತವೆ. ‘ಹಾಫ್ ಡ್ರಾಪ್’ನಲ್ಲಿ ಪಕ್ಕದ ಕಂಬಸಾಲು ಅರ್ಧ ಕೆಳಗಿಳಿಯುತ್ತದೆ, ಕಣ್ಣು ಓರೆಯಾಗಿ ಓಡುವುದರಿಂದ ಮರುಕಳಿಕೆ ಬೇಗ ಪತ್ತೆಯಾಗುವುದಿಲ್ಲ. ಇಟ್ಟಿಗೆ ಜೋಡಣೆಯಲ್ಲಿ ಸರಿಯುವುದು ಅಡ್ಡಸಾಲು. ಒಂದು ತುಂಡನ್ನು ಮಾತ್ರ ನೋಡಿದರೆ ದೋಷ ತಿಳಿಯದು. ಹತ್ತಿಪ್ಪತ್ತು ತುಂಡು ಜೋಡಿಸಿ ಹತ್ತು ಹೆಜ್ಜೆ ಹಿಂದೆ ನಿಂತಾಗ ಖಾಲಿ ಜಾಗಗಳು ಕೂಡಿ ಬೇಡದ ಓಣಿಯಾಗಿರುವುದೋ, ಒಂದು ಕೆಂಪು ಹೂ ಗೋಡೆಯುದ್ದಕ್ಕೂ ಗುಂಡಿಯ ಸಾಲಿನಂತೆ ನಿಂತಿರುವುದೋ ಕಾಣುತ್ತದೆ. ಅಂದಹಾಗೆ, ಸಮತಲದ ಮೇಲೆ ಎರಡು ದಿಕ್ಕಿಗೂ ಮರುಕಳಿಸುವ ವಿನ್ಯಾಸಗಳ ಸಮಮಿತಿ 17 ಬಗೆ ಮಾತ್ರ. ಗಣಿತಜ್ಞರು ಅವನ್ನು ಕರೆಯುವುದೂ ‘ವಾಲ್‌ಪೇಪರ್ ಗುಂಪುಗಳು’ ಎಂದೇ.

ಬಟ್ಟೆಗೆ ಹೊಂದಿದ ವಿನ್ಯಾಸ ಕಾಗದಕ್ಕೆ ಹಾಗೇ ಹೊಂದುವುದಿಲ್ಲ. ಪರದೆಯ ನಿರಿಗೆಯಲ್ಲಿ ಆಕೃತಿಯ ಅರ್ಧ ಮರೆಯಾಗುತ್ತದೆ; ಗೋಡೆಯ ಮೇಲೆ ಅಡಗಲು ಎಡೆಯೇ ಇಲ್ಲ. ಅಳತೆಗಳೂ ಬೇರೆ. ಬಟ್ಟೆಗೆ ಅಚ್ಚು ಹಾಕುವ, ಸಿಲಿಂಡರಿನಂಥ ರೋಟರಿ ಸ್ಕ್ರೀನಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಹಾಗಾಗಿ ಮರುಕಳಿಕೆಯ ಎತ್ತರ 64, 32, 16 ಹೀಗೆ ಅದನ್ನು ಸಮನಾಗಿ ಭಾಗಿಸುವ ಅಳತೆಯಲ್ಲೇ ಇರಬೇಕು. ಯುರೋಪಿನ ಸಾಮಾನ್ಯ ವಾಲ್‌ಪೇಪರ್ ಸುರುಳಿ 53 ಸೆಂ.ಮೀ. ಅಗಲ, 10.05 ಮೀಟರ್ ಉದ್ದ. 2.4 ಮೀಟರ್ ಎತ್ತರದ ಗೋಡೆಗೆ ಹೊಂದಿಸುವ ಗೋಜಿಲ್ಲದ ಕಾಗದವಾದರೆ ಒಂದು ಸುರುಳಿಯಲ್ಲಿ ನಾಲ್ಕು ಪಟ್ಟಿ ಸಿಗುತ್ತವೆ. 64 ಸೆಂ.ಮೀ. ಮರುಕಳಿಕೆಯದಾದರೆ ಚಿತ್ರ ಹೊಂದಿಸಲು ಪ್ರತಿ ಪಟ್ಟಿಗೂ ನಾಲ್ಕು ಮರುಕಳಿಕೆ, ಅಂದರೆ 2.56 ಮೀಟರ್ ಬೇಕು, ಮೂರೇ ಪಟ್ಟಿ. ನಾಲ್ಕನೆಯದಕ್ಕೆ ಕೆಲವೇ ಸೆಂಟಿಮೀಟರ್ ಸಾಲದು. ವಿನ್ಯಾಸಕ ಕಾಗದದ ಮೇಲೆ ಎಳೆದ ಗೆರೆಗೆ ಗಿರಾಕಿ ಹೀಗೆ ಒಂದೆರಡು ಸುರುಳಿ ಹೆಚ್ಚಾಗಿ ಕೊಳ್ಳುತ್ತಾನೆ.

ಚರಿತ್ರೆಯಲ್ಲಿ ಮಾಲೆಯ ಗುಣ ಸ್ಪಷ್ಟವಾಗಿ ಕಾಣುವುದು ಇಂಗ್ಲೆಂಡಿನ ವಿಲಿಯಂ ಮಾರಿಸ್‌ನ (1834–1896) ಕೆಲಸದಲ್ಲಿ. 1864ರಿಂದ ಅವನ ವಾಲ್‌ಪೇಪರುಗಳನ್ನು ಜೆಫ್ರಿ ಅಂಡ್ ಕಂಪನಿ ಮರದ ಅಚ್ಚುಗಳಿಂದ ಮುದ್ರಿಸಿತು. 1875ರ ‘ಮಾರಿಗೋಲ್ಡ್’ ಕಾಗದಕ್ಕೂ ಬಟ್ಟೆಗೂ ಬಳಕೆಯಾಯಿತು. 1881ರಲ್ಲಿ ಅವನ ಕಾರ್ಖಾನೆ ಲಂಡನ್ ಬಳಿಯ ಮೆರ್ಟನ್ ಆ್ಯಬಿಗೆ, ವಾಂಡಲ್ ನದಿಯ ದಡಕ್ಕೆ ಬಂತು. ಅಲ್ಲಿ ಬಟ್ಟೆಯನ್ನು ಮೊದಲು ಪೂರ್ತಿ ನೀಲಿಯಲ್ಲಿ ಅದ್ದಿ, ಬೇಕಾದಲ್ಲಿ ಬಣ್ಣ ತೆಗೆದು, ಆ ಜಾಗಕ್ಕೆ ಕೆಂಪು ಹಳದಿ ತುಂಬುವ ವಿಧಾನ ಕೈಗೂಡಿತು. 1883ರ ‘ಸ್ಟ್ರಾಬೆರಿ ಥೀಫ್’ ಹಾಗೆ ಆದದ್ದು. ಆಮೇಲಿನ ಎರಡು ವರ್ಷಗಳಲ್ಲಿ ಅವನು ಥೇಮ್ಸ್ ಕೊಳ್ಳದ ನದಿಗಳ ಹೆಸರಿನ ಹತ್ತಿಬಟ್ಟೆಗಳನ್ನು ತಂದ: ಈವನ್‌ಲೋಡ್, ಕೆನೆಟ್, ವಾಂಡಲ್, ಕ್ರೇ, ಮೆಡ್‌ವೇ. ಹೂಗಳು ಬೇರೆ, ಬಣ್ಣಗಳೂ ಬೇರೆ. ಆದರೆ ಹಲವುಗಳಲ್ಲಿ ದಪ್ಪ ದಂಟೊಂದು ಓರೆಯಾಗಿ, ನದಿಯಂತೆ ಬಳುಕಿ ಹೋಗುತ್ತದೆ. ಹೆಸರನ್ನು ಮುಚ್ಚಿಟ್ಟರೂ ಒಂದೇ ಮನೆಯ ಮಕ್ಕಳೆಂದು ಗೊತ್ತಾಗುವಂತಿವೆ. ಈ ಬಗೆಯ ಬಟ್ಟೆಗೆ ಇಂಗ್ಲಿಷರು ಹೇಳುವ ‘ಚಿಂಟ್ಸ್’ ಎಂಬ ಹೆಸರು ಭಾರತದಿಂದಲೇ ಹೋದದ್ದು. ಕನ್ನಡದ ‘ಚೀಟಿ ಬಟ್ಟೆ’ಯೂ ಅದರ ನಂಟಿನದೇ.

ಮಾರಿಸ್‌ನ ರೀತಿಗೆ ತಿರುವುಮುರುವಾದ ಪ್ರಯೋಗ 1951ರ ಬ್ರಿಟನ್ ಉತ್ಸವದ್ದು. ಸ್ಫಟಿಕ ವಿಜ್ಞಾನಿ ಹೆಲೆನ್ ಮೆಗಾ ಅವರ ಸಲಹೆಯಿಂದ ಮೂಡಿದ ‘ಫೆಸ್ಟಿವಲ್ ಪ್ಯಾಟರ್ನ್ ಗ್ರೂಪ್’ನಲ್ಲಿ 28 ತಯಾರಕರು ಇನ್ಸುಲಿನ್, ಹಿಮೋಗ್ಲೋಬಿನ್ ಮೊದಲಾದವುಗಳ ಸ್ಫಟಿಕ ನಕ್ಷೆಗಳನ್ನು ಬಟ್ಟೆಗೆ, ವಾಲ್‌ಪೇಪರಿಗೆ, ಪಿಂಗಾಣಿಗೆ ಇಳಿಸಿದರು. ಸ್ಫಟಿಕವೇ ಮರುಕಳಿಕೆಯಾದ್ದರಿಂದ ಅರ್ಧ ಕೆಲಸ ಪ್ರಕೃತಿಯೇ ಮಾಡಿಕೊಟ್ಟಿತ್ತು. ಮೂಲವೊಂದು, ಕೈ ಹಲವು: ಮಾರಿಸ್‌ನ ಬಟ್ಟೆಗಳ ಒಡಹುಟ್ಟುತನ ಇವುಗಳಲ್ಲಿ ಕಡಿಮೆ ಎಂದೇ ಹೇಳಬೇಕು.

ಡಿಜಿಟಲ್ ಮುದ್ರಣದಲ್ಲಿ ಸ್ಕ್ರೀನಿನ ಖರ್ಚಿಲ್ಲ, ಬಣ್ಣಗಳಿಗೆ ಲೆಕ್ಕವಿಲ್ಲ. 2008ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಶುರುವಾದ ಸ್ಪೂನ್‌ಫ್ಲವರ್‌ನಂಥ ಕಂಪನಿಗಳು ಬಿಡಿ ವಿನ್ಯಾಸಕರ ಚಿತ್ರವನ್ನು ಒಂದೇ ಗಜಕ್ಕೂ ಅಚ್ಚು ಹಾಕಿಕೊಡುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ಹೊಳೆಯುವ ಬಣ್ಣ ಹತ್ತಿಯ ಮೇಲೆ ಮಂಕಾಗುವುದೂ, ಲಿನನ್ ಮೇಲೆ ಇನ್ನೊಂದೇ ಆಗುವುದೂ ಮಾತ್ರ ತಪ್ಪಿಲ್ಲ. ಆದ್ದರಿಂದ ಮಾಲೆಯ ಪ್ರತಿಯೊಂದು ವಿನ್ಯಾಸದ ತುಂಡನ್ನೂ ನಿಜವಾದ ಬಟ್ಟೆ, ಕಾಗದಗಳ ಮೇಲೆ ಅಚ್ಚು ಹಾಕಿಸಿ, ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಹರಡಿ ನೋಡಿದ ಮೇಲೆಯೇ ಒಪ್ಪಿಗೆ ಕೊಡುವ ಪದ್ಧತಿ ಇನ್ನೂ ನಡೆದಿದೆ.